ವಿಳಾಸದ ಪುಸ್ತಕ

ನಮ್ಮತ್ತೆಯ ಬಳಿ ಮದುವೆ ಕಾಗದ ಹಂಚಲೆಂದೇ ಇಟ್ಟುಕೊಂಡ ಒಂದು ವಿಳಾಸದ ಪುಸ್ತಕವಿತ್ತು. ಅದರಲ್ಲಿದ್ದದ್ದು ಮನೆಗಳಲ್ಲ, ಮನೆಗೆ ಹೋಗುವ ದಾರಿ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಕಂಪ್ಯೂಟರಿನ ಮುಂದೆ.

ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಯಾರೋ ಬರೆದಿಟ್ಟ ಹಳೆಯ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮು. 1985ರಲ್ಲಿ ಮಾರುಕಟ್ಟೆಗೆ ಬಂದ ಆ ಭಾಷೆಗೆ ಪಟ್ಟಿ, ನಿಘಂಟುಗಳಂಥ ಸಲಕರಣೆ ಹುಟ್ಟಿನಿಂದ ಇರಲಿಲ್ಲ. ಕೊರತೆ ತುಂಬಿದವುಗಳಲ್ಲೊಂದು, ಸಮುದ್ರವಿಜ್ಞಾನಿ ಥಾಮಸ್ ಕೆಫರ್ 1989ರಲ್ಲಿ ಅಮೆರಿಕದಲ್ಲಿ ಕಟ್ಟಿದ ರೋಗ್ ವೇವ್ ಕಂಪನಿಯ 'ಟೂಲ್ಸ್ ಡಾಟ್ ಎಚ್ ಪ್ಲಸ್ ಪ್ಲಸ್'.

ಅದರ ಒಂದು ಬಗೆಯ ನಿಘಂಟು ಅತ್ತೆಯ ಪುಸ್ತಕದಂತೆಯೇ. ಪದವೂ ಒಳಗಿಲ್ಲ, ಅರ್ಥವೂ ಒಳಗಿಲ್ಲ. ಕಂಪ್ಯೂಟರಿನ ನೆನಪಿನಲ್ಲಿ ಅವೆಲ್ಲಿವೆ ಎಂಬ ವಿಳಾಸ, ಅಂದರೆ ಪಾಯಿಂಟರ್, ಮಾತ್ರ. ಪದದಿಂದ ಒಂದು ಅಂಕಿ ಲೆಕ್ಕಹಾಕಿ ಗೂಡಿಗೆ ಹಾಕುವ ಹ್ಯಾಷ್ ವಿಧಾನವಾದ್ದರಿಂದ ಅಕಾರಾದಿಯೂ ಇಲ್ಲ, ಬರೆದ ಕ್ರಮವೂ ಇಲ್ಲ. ಓದಿಕೊಂಡು ಹೋಗಲು 'ಇಟರೇಟರ್' ಎಂಬ ಬೆರಳು. ಅದು ಮೊದಲ ಸಾಲಿನ ಆಚೆಯೇ ನಿಂತಿರುತ್ತದೆ; ಕರೆದಾಗಲೊಮ್ಮೆ ಒಂದು ಸಾಲು ಇಳಿಯುತ್ತದೆ; ಮುಗಿದಾಗ ಸೊನ್ನೆ ತೋರಿಸುತ್ತದೆ.

ಪುಸ್ತಕ ಖಾಲಿ ಮಾಡಲು ಎರಡು ಅಪ್ಪಣೆಗಳು. 'ಕ್ಲಿಯರ್' ಸಾಲುಗಳನ್ನಷ್ಟೇ ಅಳಿಸುತ್ತದೆ. 'ಕ್ಲಿಯರ್ ಅಂಡ್ ಡೆಸ್ಟ್ರಾಯ್' ಆ ವಿಳಾಸದ ಮನೆಗಳನ್ನೂ ಕೆಡವುತ್ತದೆ. ಅಚ್ಚುಕಟ್ಟಿನ ಹುಚ್ಚಿನಲ್ಲಿ ನಾನು ಎರಡನೆಯದನ್ನು ಬರೆದೆ. ಅವೇ ಮನೆಗಳ ವಿಳಾಸ ಇನ್ನೊಂದು ನಿಘಂಟಿನಲ್ಲೂ ಇತ್ತು. ಆ ರಾತ್ರಿ ಬಿಲ್ಲುಗಳ ಲೆಕ್ಕ ನಡೆಯುವಾಗ ಅದರ ಬೆರಳು ಬರಿಯ ಬಯಲಿನಲ್ಲಿ ಬಾಗಿಲು ತಟ್ಟಿತು, ಎಲ್ಲವೂ ನಿಂತುಹೋಯಿತು. ಬೆಳಗಿನವರೆಗೆ ತಪ್ಪು ಹುಡುಕುತ್ತ, ಹಳಬರನ್ನು ಮನಸಾರೆ ಬೈದೆ.

ಇತಿಹಾಸ ಓದಿದ ಮೇಲೆ ಆ ಬೈಗುಳವನ್ನು ವಾಪಸು ತೆಗೆದುಕೊಂಡೆ. ಅಲೆಕ್ಸಾಂಡರ್ ಸ್ಟೆಪನೋವ್ ಮತ್ತು ಮೆಂಗ್ ಲೀ ರೂಪಿಸಿದ ಸಲಕರಣೆಗಳನ್ನು ಭಾಷೆಯ ಸಮಿತಿ ಒಪ್ಪಿದ್ದೇ 1994ರಲ್ಲಿ. ಅಧಿಕೃತ ಮಾನಕ ಬಂದದ್ದು 1998ರಲ್ಲಿ. ಅದರಲ್ಲೂ ಹ್ಯಾಷ್ ನಿಘಂಟಿಗೆ ಜಾಗ ಸಿಗಲಿಲ್ಲ. ಅದೂ, ಕೊನೆಯ ಪಾಲುದಾರ ಕೈಬಿಡುವವರೆಗೆ ಮನೆಯನ್ನು ಕೆಡವದ 'ಶೇರ್ಡ್ ಪಾಯಿಂಟರ್' ಕೂಡ ಮಾನಕಕ್ಕೆ ಸೇರಿದ್ದು 2011ರಲ್ಲಿ. ಅಲ್ಲಿಯವರೆಗೆ ಮನೆ ಯಾರದೆಂಬ ನೆನಪನ್ನು ಮನುಷ್ಯರೇ ಹೊರಬೇಕಿತ್ತು. ಹಳಬರು ಹೊತ್ತಿದ್ದರು. ನಾನು ಇಳಿಸಿಬಿಟ್ಟಿದ್ದೆ.

ಯಾರಾದರೂ ಮನೆ ಬಿಟ್ಟ ಸುದ್ದಿ ಬಂದರೆ ಅತ್ತೆ ಮೊದಲು ತಮ್ಮ ವಾರಗಿತ್ತಿಗೆ ಹೇಳಿ ಕಳಿಸುತ್ತಿದ್ದರು: "ಅವರು ಆ ಮನೇಲಿಲ್ಲವಂತೆ, ನಿನ್ನ ಪುಸ್ತಕದಲ್ಲೂ ತಿದ್ದಿಕೊಳ್ಳೇ." ಆಮೇಲೆ ತಮ್ಮದರಲ್ಲಿ ಗೀಟು ಎಳೆಯುತ್ತಿದ್ದರು.