ಸಡಿಲಗೊಂಡ ವಿದ್ಯುತ್ ಸಾಕೆಟ್

ಸಡಿಲಗೊಂಡ ಸಾಕೆಟ್ ಎಂದರೆ ಪ್ಲಗ್ ಬಿಗಿಯಾಗಿ ನಿಲ್ಲದೆ, ಅಥವಾ ಒಳಗಿನ ತಂತಿಯ ಜೋಡಣೆ ಸಡಿಲವಾಗಿ, ವಿದ್ಯುತ್ ಸಂಪರ್ಕ ಅರೆಬರೆಯಾಗಿರುವ ಸಾಕೆಟ್. ಭಾರತದ ಮನೆಗಳಲ್ಲಿ ಸಾಮಾನ್ಯವಾಗಿ ಐಎಸ್ 1293 ಮಾನಕದ, ದುಂಡು ಪಿನ್ನುಗಳಿಗೆ ಹೊಂದುವ 6 ಮತ್ತು 16 ಆಂಪಿಯರ್ ಸಾಕೆಟ್‌ಗಳಿರುತ್ತವೆ. ಈ ದೋಷವನ್ನು ಬರಿಯ ಕಿರಿಕಿರಿಯೆಂದು ಕಡೆಗಣಿಸುವುದುಂಟು. ಆದರೆ ಇದು ಬೆಂಕಿ ಅನಾಹುತಕ್ಕೂ ಕಾರಣವಾಗಬಲ್ಲುದು.

ಅಪಾಯದ ಸ್ವರೂಪ

ಸಂಪರ್ಕ ಸಡಿಲವಾದಾಗ ಲೋಹಕ್ಕೆ ಲೋಹ ತಾಗುವ ಜಾಗ ಕಿರಿದಾಗಿ ರೋಧ ಹೆಚ್ಚುತ್ತದೆ. ರೋಧವಿದ್ದೆಡೆ ಶಾಖ ಹುಟ್ಟುತ್ತದೆ. 230 ವೋಲ್ಟ್‌ನಲ್ಲಿ 2000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಜೋಡಣೆಯಲ್ಲಿ ಕೇವಲ ಅರ್ಧ ಓಮ್ ರೋಧವಿದ್ದರೂ ಆ ಒಂದು ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಶಾಖ ಉಂಟಾಗುತ್ತದೆ. ಸಣ್ಣ ಸಾಲ್ಡರಿಂಗ್ ಐರನ್ ಒಂದನ್ನು ಗೋಡೆಯೊಳಗೆ ಹಚ್ಚಿಟ್ಟಂತೆ ಇದು.

ಇಂಥ ಸಂದರ್ಭದಲ್ಲಿ ಎಂಸಿಬಿ ನೆರವಿಗೆ ಬರುವುದಿಲ್ಲ. ಅದು ಮಿತಿಮೀರಿದ ಪ್ರವಾಹಕ್ಕೆ ಮಾತ್ರ ಸ್ಪಂದಿಸುತ್ತದೆ. ಇಲ್ಲಿ ಪ್ರವಾಹ ಹೆಚ್ಚುವುದೇ ಇಲ್ಲ. ಆರ್‌ಸಿಸಿಬಿ ಸೋರಿಕೆಯನ್ನಷ್ಟೇ ಗುರುತಿಸುತ್ತದೆ. ಆದ್ದರಿಂದ ಕಂದುಗಟ್ಟಿದ ಫಲಕ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಚಿಟಪಟ ಸದ್ದು, ಮುಟ್ಟಿದರೆ ಬಿಸಿ ಎನಿಸುವ ಪ್ಲಗ್ ಇವುಗಳನ್ನು ಮನೆಯವರೇ ಗಮನಿಸಬೇಕು.

ಕಾರಣಗಳು

ಫಲಕದ ಸ್ಕ್ರೂ ಸಡಿಲವಾಗಿ ಇಡೀ ಸಾಕೆಟ್ ಅಲುಗಾಡುವುದು ಸುಲಭವಾಗಿ ಸರಿಪಡಿಸಬಹುದಾದ ದೋಷ. ತಂತಿಯನ್ನು ಹಿಡಿದಿಡುವ ಟರ್ಮಿನಲ್ ಸ್ಕ್ರೂ ಸಡಿಲವಾಗುವುದು ಹೆಚ್ಚು ಅಪಾಯಕಾರಿ, ಏಕೆಂದರೆ ಹೊರಗೆ ಏನೂ ಕಾಣಿಸದು. ಇನ್ನು ಪಿನ್ನನ್ನು ಕಚ್ಚಿ ಹಿಡಿಯುವ ತಗಡುಗಳು ಬಳಕೆಯಿಂದ ಬಿಗಿ ಕಳೆದುಕೊಂಡಿದ್ದರೆ ದುರಸ್ತಿ ಸಾಧ್ಯವಿಲ್ಲ; ಸಾಕೆಟ್ಟನ್ನೇ ಬದಲಿಸಬೇಕು. ಸೀಳುಳ್ಳ ಹಿತ್ತಾಳೆ ಪಿನ್ನುಗಳನ್ನು ಚಾಕುವಿನಿಂದ ಅಗಲಿಸುವುದು, ರಂಧ್ರಕ್ಕೆ ಬೆಂಕಿಕಡ್ಡಿ ತುರುಕುವುದು ಮುಂತಾದ ಮನೆಯುಪಾಯಗಳು ದೋಷವನ್ನು ಮರೆಮಾಡುತ್ತವೆಯೇ ಹೊರತು ನಿವಾರಿಸುವುದಿಲ್ಲ.

ದುರಸ್ತಿಯ ವಿಧಾನ

ಮೊದಲು ಮೇನ್ ಸ್ವಿಚ್ ಆರಿಸಬೇಕು. ಸಾಕೆಟ್ಟಿನ ಪಕ್ಕದ ಸ್ವಿಚ್ಚನ್ನು ಆರಿಸಿದರೆ ಸಾಲದು. ತಂತಿಗಳು ಅದಲುಬದಲಾಗಿದ್ದರೆ ಫೇಸ್ ಅಲ್ಲಿ ಉಳಿದಿರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದ ಮೇಲೂ ಕೆಲವು ಸಾಕೆಟ್‌ಗಳಿಗೆ ವಿದ್ಯುತ್ ಬರುತ್ತಿರುತ್ತದೆಯಾದ್ದರಿಂದ ಅದನ್ನೂ ಆರಿಸತಕ್ಕದ್ದು. ವಿದ್ಯುತ್ ಇರುವಾಗಲೇ ಟೆಸ್ಟರ್ ಸರಿಯಾಗಿದೆಯೇ ಎಂದು ಪರೀಕ್ಷಿಸಿಟ್ಟುಕೊಂಡು, ಬಳಿಕ ಅದರಿಂದ ಸಾಕೆಟ್ಟಿನ ಪ್ರತಿಯೊಂದು ಟರ್ಮಿನಲ್ಲನ್ನೂ ನೋಡಬೇಕು.

ತಂತಿಯ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊದಿಕೆಯನ್ನು ಸುಮಾರು 1 ಸೆಂಟಿಮೀಟರ್ ಸುಲಿದು, ಎಳೆಗಳನ್ನು ಹೊಸೆದು ಟರ್ಮಿನಲ್ಲಿಗೆ ಸೇರಿಸಿ ಬಿಗಿಗೊಳಿಸಬೇಕು. ಹೊದಿಕೆ ಸ್ಕ್ರೂವಿನ ಕೆಳಗೆ ಸಿಕ್ಕಿಕೊಳ್ಳಬಾರದು. ಮೆಲ್ಲಗೆ ಎಳೆದಾಗ ತಂತಿ ಕದಲದಿದ್ದರೆ ಜೋಡಣೆ ಸರಿಯಾಗಿದೆ ಎಂದರ್ಥ. ದೊಡ್ಡ ರಂಧ್ರಕ್ಕೆ ಹೋಗುವ ಹಸಿರು ಅರ್ಥ್ ತಂತಿಯನ್ನೂ ಮರೆಯದೆ ಬಿಗಿಗೊಳಿಸಬೇಕು. ಅದು ಕಳಚಿದ್ದರೂ ಉಪಕರಣ ಎಂದಿನಂತೆ ನಡೆಯುವುದರಿಂದ ದೋಷ ಗಮನಕ್ಕೇ ಬರುವುದಿಲ್ಲ.

ಬದಲಿಸುವ ಸಾಕೆಟ್ ಹಳೆಯದರಷ್ಟೇ ಆಂಪಿಯರ್‌ನದಾಗಿರಬೇಕು. 6 ಆಂಪಿಯರ್‌ನ ತೆಳು ತಂತಿಗೆ 16 ಆಂಪಿಯರ್ ಸಾಕೆಟ್ ಹಾಕಿದರೆ ಗೋಡೆಯೊಳಗಿನ ತಂತಿಯೇ ಕಾಯುತ್ತದೆ. ಹೊದಿಕೆ ಗೋಡೆಯೊಳಗಿನವರೆಗೂ ಕರಕಾಗಿದ್ದರೆ, ಅಥವಾ ತಂತಿ ಅಲ್ಯುಮಿನಿಯಮ್‌ನದಾಗಿದ್ದರೆ, ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಗೆ ಒಪ್ಪಿಸತಕ್ಕದ್ದು.