ದೊರೆಯ ಗಡಿ, ರೈತರ ಕವಣೆ



ಹೈದರಾಬಾದಿನ ಕನ್ನಡಿಗರ ಮನೆಯ ಬೀರುವಿನಲ್ಲಿ ಒಂದಾದರೂ ಪೋಚಂಪಲ್ಲಿ ಸೀರೆ ಇದ್ದೇ ಇರುತ್ತದೆ. ಊರಿನಿಂದ ಅತ್ತಿಗೆಯೋ ನಾದಿನಿಯೋ ಬಂದರೆ, ಚಾರ್‌ಮಿನಾರು, ಸಾಲಾರ್ ಜಂಗ್ ಮ್ಯೂಸಿಯಂ ಮುಗಿದ ಮೇಲೆ ಪೋಚಂಪಲ್ಲಿಗೆ ಕರೆದುಕೊಂಡು ಹೋಗುವುದು ವಾಡಿಕೆ. ಮಗ್ಗ ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ, ಸಂಜೆಗೆ ವಾಪಸ್ಸು. ಆದರೆ ಅದೇ ವಾರಂಗಲ್ ರಸ್ತೆಯಲ್ಲಿ ಇನ್ನೊಂದಿಷ್ಟು ಮುಂದೆ ಹೋಗಿ, ಭುವನಗಿರಿ, ಆಲೇರು ದಾಟಿ ಜನಗಾಂವ್ ಸೀಮೆ ಸೇರಿದರೆ, ನೀವು ಸ್ವತಂತ್ರ ಭಾರತ ಕಂಡ ಬಹು ದೊಡ್ಡ ರೈತ ದಂಗೆಯೊಂದರ ನಡುವೆ ನಿಂತಿರುತ್ತೀರಿ. ರಸ್ತೆಯ ಬದಿಯಲ್ಲಿ ಅದನ್ನು ಹೇಳುವವರು ಕಡಿಮೆ. ಅದಕ್ಕೇ ಈ ಸಲ ಈ ಪುಟ.

ನಕ್ಸಲರ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಬಡತನವೇ ಇದಕ್ಕೆಲ್ಲ ಕಾರಣ ಎಂಬುದು ಒಂದು. ಎರಡನೆಯದು, ಪೊಲೀಸರು ಗಟ್ಟಿಯಾಗಿದ್ದರೆ ಇದೆಲ್ಲ ಎಂದೋ ಮುಗಿಯುತ್ತಿತ್ತು ಎಂಬುದು. ತೆಲಂಗಾಣದ ಕಥೆ ತಿಳಿದರೆ ಎರಡೂ ಮಾತು ಅರ್ಧರ್ಧವೇ ನಿಜ ಎಂದು ಗೊತ್ತಾಗುತ್ತದೆ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳು. ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ. ಆ ಮೂರು ಯಾವುವೆಂದು ನಿಮಗೆ ಹೇಳಬೇಕಾಗಿಲ್ಲ: ಬೀದರ್, ಗುಲ್ಬರ್ಗ, ರಾಯಚೂರು. ಭೂಮಿಯಲ್ಲಿ ಸರ್ಕಾರಕ್ಕೆ ನೇರ ಕಂದಾಯ ಕಟ್ಟುವ ಪಾಲು ಸುಮಾರು ನೂರಕ್ಕೆ 60. ನೂರಕ್ಕೆ 30ರಷ್ಟು ಜಾಗೀರುದಾರರದು. ಉಳಿದ ಹತ್ತು ಸರ್ಫ್-ಎ-ಖಾಸ್, ಅಂದರೆ ಖುದ್ದು ನಿಜಾಮರ ಖಾಸಗಿ ಆಸ್ತಿ. ಜಾಗೀರಿನಲ್ಲಿ ಕೋರ್ಟು ಕಚೇರಿಯ ಮಾತೂ ಜಾಗೀರುದಾರನದೇ. ಸರ್ಕಾರಿ ಭೂಮಿಯಲ್ಲಾದರೂ ನೆಮ್ಮದಿ ಇತ್ತೇ ಎಂದರೆ, ಅಲ್ಲಿ ದೇಶಮುಖರಿದ್ದರು. ಮೂಲದಲ್ಲಿ ಇವರು ಕಂದಾಯ ವಸೂಲಿಯ ಗುತ್ತಿಗೆದಾರರು. ಆ ಪದ್ಧತಿ ರದ್ದಾದಾಗ ಪರಿಹಾರ ಪಡೆದರು. ಜೊತೆಗೆ ಲೆಕ್ಕಪುಸ್ತಕ ತಮ್ಮ ಕೈಯಲ್ಲಿದ್ದುದರಿಂದ ಒಳ್ಳೆಯ ಜಮೀನುಗಳನ್ನು ಸದ್ದಿಲ್ಲದೆ ತಮ್ಮ ಹೆಸರಿಗೆ ಬರೆದುಕೊಂಡರು. ಜನಗಾಂವ್ ತಾಲ್ಲೂಕಿನ ವಿಸನೂರು ದೇಶಮುಖ ರಾಮಚಂದ್ರ ರೆಡ್ಡಿಗೆ 40 ಸಾವಿರ ಎಕರೆ ಇತ್ತೆಂದು ಈ ಹೋರಾಟದ ಮುಂದಾಳು ಪಿ. ಸುಂದರಯ್ಯ ಬರೆದಿದ್ದಾರೆ. ಸೂರ್ಯಾಪೇಟೆ ಕಡೆಯ ಜನ್ನಾರೆಡ್ಡಿ ಪ್ರತಾಪ ರೆಡ್ಡಿಗೆ ಒಂದೂವರೆ ಲಕ್ಷ ಎಕರೆ! ನಮ್ಮ ಕಡೆ ಹತ್ತು ಎಕರೆ ನೀರಾವರಿ ಇದ್ದವರನ್ನೇ ಜಮೀನ್ದಾರರು ಅನ್ನುತ್ತೇವೆ.

ಈ ದೊರೆಗಳ ಕೋಟೆಯಂಥ ಮನೆಗೆ ತೆಲುಗಿನಲ್ಲಿ ‘ಗಡಿ’ ಎನ್ನುತ್ತಾರೆ. ನಮ್ಮ ಗಡಿ ಬೇರೆ, ಆ ಗಡಿ ಬೇರೆ. ಆದರೆ ‘ವೆಟ್ಟಿ ಚಾಕಿರಿ’ ಎಂಬ ಅವರ ಮಾತು ನಮಗೆ ಹೊಸದಲ್ಲ. ಅದು ನಮ್ಮ ಬಿಟ್ಟಿ ಚಾಕರಿಯೇ. ಅಗಸ ಬಟ್ಟೆ ಒಗೆಯಬೇಕು, ಕುಂಬಾರ ಮಡಕೆ ಕೊಡಬೇಕು, ಚಮ್ಮಾರ ಮೆಟ್ಟು, ಮಿಣಿ ಹೊಲಿಯಬೇಕು, ಕುರುಬ ಹಬ್ಬಕ್ಕೆ ಕುರಿ ಕೊಡಬೇಕು, ರೈತ ತನ್ನ ಹೊಲ ಬಿಟ್ಟು ಮೊದಲು ದೊರೆಯ ಹೊಲಕ್ಕೆ ನೇಗಿಲು ಕಟ್ಟಬೇಕು. ಕೂಲಿಯ ಮಾತೇ ಇಲ್ಲ. ಸಾಲ ತಂದವನು ತಲೆತಲಾಂತರಕ್ಕೂ ಜೀತಗಾರ. ದೊರೆಯ ಮುಂದೆ ನಿಂತಾಗ ಹೇಳಬೇಕಾದ ಮಾತು ‘ಬಾಂಚನ್ ದೊರಾ, ಕಾಲ್ಮೊಕ್ತಾ’. ನಿನ್ನ ಗುಲಾಮ, ನಿನ್ನ ಕಾಲು ಮುಟ್ಟುತ್ತೇನೆ ಎಂದರ್ಥ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದರ ಮೇಲೆ ಲೆವಿಯೂ ಬಂತು. ಸರ್ಕಾರಕ್ಕೆ ಇಂತಿಷ್ಟು ಧಾನ್ಯ ಕೊಡಲೇಬೇಕು ಎಂಬ ಕಾನೂನು. ದೊಡ್ಡವರು ತಪ್ಪಿಸಿಕೊಂಡರು. ಸಣ್ಣವರ ಕಣಜ ಗುಡಿಸಿ ಹೋಯಿತು.

ಆದರೆ ಬಿಟ್ಟಿ ಚಾಕರಿ ನೂರಾರು ವರ್ಷ ಇತ್ತಲ್ಲ, 1946ರಲ್ಲೇ ಯಾಕೆ ಜನ ಎದ್ದರು? ಇಲ್ಲಿ ಬರುತ್ತದೆ ‘ಸಂಘಂ’. ತೆಲುಗು ಭಾಷೆ, ಗ್ರಂಥಾಲಯ, ಶಾಲೆ ಎಂದು ವಿದ್ಯಾವಂತರು ಕಟ್ಟಿದ ಆಂಧ್ರ ಮಹಾಸಭೆ 1930ರಲ್ಲಿ ಜೋಗಿಪೇಟೆಯಲ್ಲಿ ಮೊದಲ ಸಮ್ಮೇಳನ ನಡೆಸಿತು. ಭಾಷೆಯ ಮಾತಿನಿಂದ ಶುರುವಾದದ್ದು ಎಂಬುದನ್ನು ಹೊರನಾಡಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡಿರುವ ನಾವು ಗಮನಿಸಬೇಕು. 1944ರ ಭುವನಗಿರಿ ಸಮ್ಮೇಳನದ ಹೊತ್ತಿಗೆ ರಾವಿ ನಾರಾಯಣ ರೆಡ್ಡಿಯವರ ಅಧ್ಯಕ್ಷತೆಯಲ್ಲಿ ಎಡಪಂಥೀಯರ ಕೈ ಮೇಲಾಯಿತು. ಪುಸ್ತಕದ ಸಂಘ ಬಿಟ್ಟಿ ಚಾಕರಿ ನಿಲ್ಲಿಸುವ ಸಂಘವಾಯಿತು.

ಪಾಲಕುರ್ತಿಯ ಚಾಕಲಿ ಐಲಮ್ಮನ ಹೆಸರು ಕೇಳಿರಬಹುದು. ಅಗಸರ ಹೆಣ್ಣುಮಗಳು. ಗೇಣಿಗೆ ಹೊಲ ಹಿಡಿದು ಬೆಳೆ ತೆಗೆದಳು. ಅಗಸಗಿತ್ತಿಗೆ ಹೊಲವೇ ಎಂದು ವಿಸನೂರು ದೇಶಮುಖನಿಗೆ ತಡೆಯಲಾಗಲಿಲ್ಲ. ಪೈರು ಕೊಯ್ದುಕೊಂಡು ಹೋಗಲು ಆಳುಗಳನ್ನು ಕಳಿಸಿದ. ಸಂಘದವರು ಮುಂದೆ ನಿಂತು ಪೈರು ಕೊಯ್ದು ಧಾನ್ಯವನ್ನು ಐಲಮ್ಮನ ಮನೆಗೇ ಮುಟ್ಟಿಸಿದರು. ಊರೂರಿಗೆ ಸುದ್ದಿ ಹಬ್ಬಿತು, ದೊರೆಗೂ ಎದುರು ನಿಲ್ಲಬಹುದು ಎಂದು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ಅದೇ ದೇಶಮುಖನ ಕಡೆಯವರು ಗುಂಡು ಹಾರಿಸಿದರು. ದೊಡ್ಡಿ ಕೊಮರಯ್ಯ ಎಂಬ ಯುವಕ ಸತ್ತ. ದಂಗೆ ಹೊತ್ತಿಕೊಂಡಿತು. ಗಂಡಸರ ಕೈಯಲ್ಲಿ ದೊಣ್ಣೆ, ಕವಣೆ. ಹೆಂಗಸರ ಸೆರಗಿನಲ್ಲಿ ಖಾರದ ಪುಡಿ. ಬಂದೂಕು ಆಮೇಲೆ ಬಂತು. 1947ರ ಸೆಪ್ಟೆಂಬರ್ 11ರಂದು ರಾವಿ ನಾರಾಯಣ ರೆಡ್ಡಿ, ಬದ್ದಂ ಎಲ್ಲಾ ರೆಡ್ಡಿ ಮತ್ತು ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್ ಸಶಸ್ತ್ರ ಹೋರಾಟಕ್ಕೆ ಕರೆ ಕೊಟ್ಟರು.

ಸುಂದರಯ್ಯನವರ ಲೆಕ್ಕದಲ್ಲಿ ಸುಮಾರು 3,000 ಹಳ್ಳಿಗಳಲ್ಲಿ ಸಂಘದ ಆಡಳಿತ ನಡೆಯಿತು, 10 ಲಕ್ಷ ಎಕರೆ ಹಂಚಿಕೆಯಾಯಿತು. ಇದು ಹೋರಾಟಗಾರರದೇ ಲೆಕ್ಕ, ಸ್ವಲ್ಪ ಕಡಿಮೆ ಮಾಡಿಕೊಂಡರೂ ಅಡ್ಡಿಯಿಲ್ಲ. ಜಮೀನಿನ ಮಿತಿ ಮೊದಲು 500 ಎಕರೆ, ಆಮೇಲೆ 200, ಕೊನೆಗೆ 100 ಎಕರೆ ಖುಷ್ಕಿ, 10 ಎಕರೆ ತರಿ. ಮಿತಿ ಇಳಿಯುತ್ತ ಬಂದಂತೆ, ಮೊದಲು ಸಂಘದ ಜೊತೆಗಿದ್ದ ಅನುಕೂಲಸ್ಥ ರೈತರ ಉತ್ಸಾಹವೂ ಇಳಿಯಿತು. ಹೋರಾಟ ಒಡೆದ ಕಾರಣಗಳಲ್ಲಿ ಇದು ಸಣ್ಣದೇನಲ್ಲ.

ಈಗ ಸರ್ಕಾರಗಳು ಏನು ಮಾಡಿದವು ನೋಡಿ. ನಿಜಾಮರ ಸರ್ಕಾರ ದೇಶಮುಖರ ಪಕ್ಷ ವಹಿಸಿತು. ಪೊಲೀಸರು ಸಾಲದಾದಾಗ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗಿದರು. ಸುಟ್ಟ ಮನೆಗಳ ಲೆಕ್ಕವಿಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು. 17ರಂದು ನಿಜಾಮರು ತಮ್ಮದೇ ಡೆಕ್ಕನ್ ರೇಡಿಯೋದಲ್ಲಿ ಶರಣಾಗತಿ ಸಾರಿದರು. ಐದು ದಿನದ ಯುದ್ಧ ಮುಗಿದದ್ದು ಮೈಕಿನ ಮುಂದೆ ಎಂಬುದು ರೇಡಿಯೋದವರಾದ ನಮಗೆ ಕುತೂಹಲದ ಸಂಗತಿ.

ಆ ವಿಜಯದ ಬೆನ್ನಿಗೇ ನಡೆದದ್ದನ್ನು ಮರೆಮಾಚಬಾರದು. ಪಂಡಿತ್ ಸುಂದರಲಾಲ್ ಸಮಿತಿಯನ್ನು ನೆಹರೂ ಸರ್ಕಾರವೇ ಕಳಿಸಿತ್ತು. ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿ ಕಂಡ ನಾಲ್ಕು ಜಿಲ್ಲೆಗಳೆಂದು ಸಮಿತಿ ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗ ಮತ್ತು ಬೀದರ್. ವರದಿ ಹಲವು ದಶಕ ಕಪಾಟಿನಲ್ಲೇ ಇತ್ತು.

ರಜಾಕಾರರು ಹೋದರು, ಆದರೆ ಸೈನ್ಯ ಹೋಗಲಿಲ್ಲ. ಓಡಿಹೋಗಿದ್ದ ದೇಶಮುಖರು ಕೆಲವೆಡೆ ಸೈನ್ಯದ ಹಿಂದೆಯೇ ವಾಪಸ್ಸು ಬಂದರು. ದೊರೆ ಖಾದಿ ಟೋಪಿ ಹಾಕಿಕೊಂಡು ಬಂದ ಎಂದು ಹಳ್ಳಿಯವರು ಆಡಿಕೊಂಡರೆ ತಪ್ಪೇನು? ಹೋರಾಟ ನಿಲ್ಲಿಸೋಣ ಎಂದು ರಾವಿ ನಾರಾಯಣ ರೆಡ್ಡಿ, ಮುಂದುವರಿಸೋಣ ಎಂದು ಪಕ್ಷದ ಇತರರು. ಮುಂದುವರಿಯಿತು. ಗೋದಾವರಿಯ ಕಾಡುಗಳಲ್ಲಿ ದಳಗಳಿಗೆ ಅನ್ನ ಸಿಗಬಾರದೆಂದು ಕೋಯರ ಹಾಡಿಗಳನ್ನು ಎತ್ತಿ ಶಿಬಿರಗಳಿಗೆ ತುಂಬಲಾಯಿತು. ಮಲಯಾದಲ್ಲಿ ಬ್ರಿಟಿಷರು ಅನುಸರಿಸಿದ ಉಪಾಯವೂ ಇದೇ. ಇತ್ತ ದಳದವರೂ ಮಾಹಿತಿದಾರರೆಂಬ ಗುಮಾನಿಯ ಮೇಲೆ ಹಳ್ಳಿಯವರನ್ನು ಕೊಂದರು. ಸತ್ತ ಹೋರಾಟಗಾರರು, ರೈತರು 4,000 ಎಂದು ಸುಂದರಯ್ಯ ಬರೆಯುತ್ತಾರೆ.

ಬಂದೂಕಿನ ಜೊತೆಗೆ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡಿತು ಎನ್ನುವುದನ್ನು ಹೇಳಲೇಬೇಕು. 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯಿದೆ ‘ರಕ್ಷಿತ ಗೇಣಿದಾರ’ ಎಂಬ ಹಕ್ಕು ಕೊಟ್ಟಿತು. ದಂಗೆ ಇಲ್ಲದಿದ್ದರೆ ಇವು ಅಷ್ಟು ಬೇಗ ಬರುತ್ತಿದ್ದವೇ? ಇಲ್ಲ ಎಂದೇ ನನ್ನ ಅನಿಸಿಕೆ. ಗಲಭೆಯ ಸೀಮೆಯಲ್ಲಿ ಪಾದಯಾತ್ರೆ ಹೊರಟಿದ್ದ ವಿನೋಬಾ ಭಾವೆ 1951ರ ಏಪ್ರಿಲ್ 18ರಂದು ಪೋಚಂಪಲ್ಲಿಗೆ ಬಂದರು. ದಲಿತ ಕುಟುಂಬಗಳು 80 ಎಕರೆ ಕೇಳಿದವು. ವೆದಿರೆ ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಡುತ್ತೇನೆ ಎಂದರು. ಭೂದಾನ ಚಳವಳಿ ಹುಟ್ಟಿದ್ದು ಹೀಗೆ, ನೀವು ಸೀರೆ ಕೊಳ್ಳುವ ಅದೇ ಊರಿನಲ್ಲಿ. 1951ರ ಅಕ್ಟೋಬರ್ 21ರಂದು ಪಕ್ಷ ಹೋರಾಟ ಹಿಂತೆಗೆದುಕೊಂಡಿತು. ಮೊದಲ ಮಹಾಚುನಾವಣೆಯಲ್ಲಿ ರಾವಿ ನಾರಾಯಣ ರೆಡ್ಡಿ ನಲ್ಲಗೊಂಡದಿಂದ ನೆಹರೂಗಿಂತ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು. ನಿನ್ನೆಯವರೆಗೆ ಭೂಗತರಾಗಿದ್ದವರಿಗೆ ಮತಪೆಟ್ಟಿಗೆಯ ಬಾಗಿಲು ತೆರೆದದ್ದೇ ಸರ್ಕಾರದ ಅತಿ ಜಾಣ ಹೆಜ್ಜೆ ಎಂದು ನನಗನಿಸುತ್ತದೆ.

ಹೆಣ್ಣುಮಕ್ಕಳ ಮಾತು ಹೇಳದೆ ಮುಂದೆ ಹೋಗಲಾರೆ. ದಳ ನಡೆಸಿದ ಮಲ್ಲು ಸ್ವರಾಜ್ಯಂ ಮುಂದೆ ಶಾಸಕಿಯಾದರು, 2022ರಲ್ಲಿ ತೀರಿಕೊಂಡರು. ಉಳಿದ ಎಷ್ಟೋ ಮಂದಿಗೆ, ಹೋರಾಟ ಮುಗಿದ ಮೇಲೆ ಪಕ್ಷ ಹೇಳಿದ್ದು ಮನೆಗೆ ಹೋಗಿ ಸಂಸಾರ ನೋಡಿಕೊಳ್ಳಿ ಎಂದು. 1980ರ ದಶಕದಲ್ಲಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯವರು ಟೇಪ್ ರೆಕಾರ್ಡರ್ ಹಿಡಿದು ಅವರ ಮಾತು ಸಂಗ್ರಹಿಸಿ ‘ಮನಕು ತೆಲಿಯನಿ ಮನ ಚರಿತ್ರ’ ಎಂಬ ಪುಸ್ತಕ ಮಾಡಿದರು. ತೆಲುಗು ಓದಬಲ್ಲವರು ಹುಡುಕಿ ಓದಿ.

ನಮ್ಮ ಬೀದರ್, ಗುಲ್ಬರ್ಗ, ರಾಯಚೂರಿನಲ್ಲೂ ಅದೇ ನಿಜಾಮ, ಅದೇ ಜಾಗೀರು, ಅದೇ ಬಿಟ್ಟಿ. ಅಲ್ಲಿ ಇಂಥ ದಂಗೆ ಯಾಕೆ ಆಗಲಿಲ್ಲ? ಬಡತನ ಒಂದೇ ಕಾರಣವಾಗಿದ್ದರೆ ಆಗಬೇಕಿತ್ತು. ನಲ್ಲಗೊಂಡ, ವಾರಂಗಲ್ಲುಗಳ ಬೆನ್ನಿಗೆ ಮದ್ರಾಸ್ ಪ್ರಾಂತದ ಕೃಷ್ಣಾ ಜಿಲ್ಲೆ ಇತ್ತು. ಅಲ್ಲಿ ಕಮ್ಯುನಿಸ್ಟ್ ಪಕ್ಷ ಬಲವಾಗಿತ್ತು, ದಣಿದವರಿಗೆ ಆಶ್ರಯ ಸಿಗುತ್ತಿತ್ತು. ಕನ್ನಡ ಜಿಲ್ಲೆಗಳ ಬೆನ್ನಿಗಿದ್ದ ಧಾರವಾಡ ಸೀಮೆಯಲ್ಲಿ ಕಾಂಗ್ರೆಸ್ಸಿನ ಗಡಿ ಶಿಬಿರಗಳಿದ್ದವು. ಮುಂಡರಗಿಯಂಥ ಊರುಗಳಿಂದ ನಮ್ಮ ಹುಡುಗರು ರಜಾಕಾರರ ಮೇಲೆ ಬಿದ್ದರು. ಅವರ ಗುರಿ ಭಾರತ ಸೇರುವುದು, ಕರ್ನಾಟಕ ಸೇರುವುದು. ಹೊಲ ಯಾರದು ಎಂಬ ಪ್ರಶ್ನೆ ಹಿಂದೆ ಉಳಿಯಿತು. ಕಿಡಿ ಇದ್ದರೆ ಸಾಲದು, ಊದುವವರೂ ಬೇಕು.

ಊದುವವರು ಹೋದ ಮೇಲೆ ಕಿಡಿ ಆರಿತೇ? ಗೇಣಿ ಕಾಯಿದೆ ಏನಾಯಿತೆಂದು ಅರ್ಥಶಾಸ್ತ್ರಜ್ಞ ಎ.ಎಂ. ಖುಸ್ರೋ ಪರಿಶೀಲಿಸಿ 1958ರಲ್ಲಿ ಪುಸ್ತಕ ಬರೆದರು. ಕೆಲವೇ ವರ್ಷಗಳಲ್ಲಿ ರಕ್ಷಿತ ಗೇಣಿದಾರರಲ್ಲಿ ನೂರಕ್ಕೆ ಸುಮಾರು 22 ಮಂದಿಯನ್ನು ಅಕ್ರಮವಾಗಿ ಒಕ್ಕಲೆಬ್ಬಿಸಲಾಗಿತ್ತು. ಇನ್ನು 17 ಮಂದಿ ‘ಸ್ವಇಚ್ಛೆಯಿಂದ’ ಬಿಟ್ಟುಕೊಟ್ಟಿದ್ದರಂತೆ. ಸ್ವಇಚ್ಛೆ! ಜಮೀನಿನ ಒಡೆಯರಾದವರು ನೂರಕ್ಕೆ 12 ಮಾತ್ರ. ದಂಗೆ ಅಡಗಿಸುವಾಗಿದ್ದ ಆತುರ ಕಾಯಿದೆ ಜಾರಿ ಮಾಡುವಾಗ ಇರಲಿಲ್ಲ.

ಹಾಗಾಗಿ 1978ರ ಸೆಪ್ಟೆಂಬರಿನಲ್ಲಿ ಕರೀಂನಗರ ಜಿಲ್ಲೆಯ ಜಗಿತ್ಯಾಲದಲ್ಲಿ ಸಾವಿರಾರು ಕೂಲಿಕಾರರು ‘ಜೈತ್ರ ಯಾತ್ರೆ’ ನಡೆಸಿದಾಗ ಬೇಡಿಕೆಗಳು ಹಳೆಯವೇ: ಬಿಟ್ಟಿ ನಿಲ್ಲಲಿ, ಕೂಲಿ ಏರಲಿ, ದೊರೆ ಹಿಡಿದಿರುವ ಸರ್ಕಾರಿ ಜಮೀನು ಬಿಡಲಿ. ಜೀತ ರದ್ದತಿ ಕಾಯಿದೆ ಬಂದು ಎರಡು ವರ್ಷವಾಗಿತ್ತು. ಸರ್ಕಾರ ಆ ಕಾಯಿದೆ ಹಿಡಿದು ಹಳ್ಳಿಗೆ ಹೋಗಬಹುದಿತ್ತು. ಬದಲಿಗೆ ಜಗಿತ್ಯಾಲ, ಸಿರಿಸಿಲ್ಲಾ ತಾಲ್ಲೂಕುಗಳನ್ನು ಗಲಭೆಪೀಡಿತ ಪ್ರದೇಶವೆಂದು ಸಾರಿತು. ಹುಡುಗರು ಕಾಡು ಸೇರಿದರು. 1980ರಲ್ಲಿ ಕೊಂಡಪಲ್ಲಿ ಸೀತಾರಾಮಯ್ಯ ಪೀಪಲ್ಸ್ ವಾರ್ ಕಟ್ಟಿದರು. ಮುಂದಿನದು ನಮ್ಮ ಕಣ್ಣ ಮುಂದಿನ ಕಥೆ. 1989ರಲ್ಲಿ ಗ್ರೇಹೌಂಡ್ಸ್ ಪಡೆ, 1992ರಲ್ಲಿ ನಿಷೇಧ, ತೆರವು, ಮತ್ತೆ ನಿಷೇಧ. 2004ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲೇ ಮಾತುಕತೆ ನಡೆಯಿತು. ನಿವೃತ್ತ ಅಧಿಕಾರಿ ಎಸ್.ಆರ್. ಶಂಕರನ್ ಅವರ ಬಳಗ ಅದಕ್ಕಾಗಿ ವರ್ಷಗಟ್ಟಲೆ ಓಡಾಡಿತ್ತು. ಮೂರು ತಿಂಗಳಿಗೆ ಮುರಿಯಿತು. 2005ರ ಆಗಸ್ಟ್ 15ರಂದು ನಮ್ಮ ಗಡಿಗೆ ಹತ್ತಿರದ ನಾರಾಯಣಪೇಟೆಯಲ್ಲಿ ಶಾಸಕ ಚಿಟ್ಟೆಂ ನರ್ಸಿ ರೆಡ್ಡಿಯವರನ್ನು ಗುಂಡಿಟ್ಟು ಕೊಂದರು. ಎರಡು ದಿನಕ್ಕೆ ಮತ್ತೆ ನಿಷೇಧ.

ಆ ಹೊತ್ತಿಗೆ ನಮ್ಮ ಮಲೆನಾಡಿಗೂ ಇದು ಬಂದಾಗಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಎಬ್ಬಿಸುತ್ತಾರೆಂಬ ಭಯ ಅಲ್ಲಿ ಕಿಡಿಯಾಯಿತು. ಕರ್ನಾಟಕದ ಇತಿಹಾಸ ಬರೆದಿದ್ದ ಸಾಕೇತ್ ರಾಜನ್ 2005ರ ಫೆಬ್ರವರಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಇಪ್ಪತ್ತು ವರ್ಷದ ನಂತರ, 2025ರ ಜನವರಿಯಲ್ಲಿ, ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅದೇ ವರ್ಷ ಅಕ್ಟೋಬರಿನಲ್ಲಿ, ಕರೀಂನಗರ ಸೀಮೆಯ ಪೆದ್ದಪಲ್ಲಿಯಿಂದ ಹೊರಟು ದಶಕಗಳ ಕಾಲ ಕಾಡಿನಲ್ಲಿದ್ದ ಮಲ್ಲೋಜುಲ ವೇಣುಗೋಪಾಲ ರಾವ್ ಗಡಚಿರೋಲಿಯಲ್ಲಿ ಆಯುಧ ಕೆಳಗಿಟ್ಟರು. ಐಲಮ್ಮ 1985ರಲ್ಲೇ ತೀರಿಕೊಂಡಿದ್ದರು. ಕೋಠಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಈಗ ಅವರ ಹೆಸರಿದೆ. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಓದಿದ ಜಾಗ ಅದು.

ಬೀದರ್, ಗುಲ್ಬರ್ಗ, ರಾಯಚೂರು ಕಡೆಯ ಕೇಳುಗರೇ, ನಿಮ್ಮ ಮನೆಯಲ್ಲಿ ನಿಜಾಮರ ಕಾಲ ಕಂಡ ಹಿರಿಯರು ಇನ್ನೂ ಇದ್ದರೆ, ಬಿಟ್ಟಿ, ಲೆವಿ, ರಜಾಕಾರರ ದಿನಗಳು, ಪೊಲೀಸ್ ಕಾರ್ಯಾಚರಣೆಯ ವಾರ, ಅವರಿಗೆ ಏನು ನೆನಪಿದೆಯೋ ಕೇಳಿ ಬರೆದು ಕಳಿಸಿ. ಅವರ ಮಾತಿನಲ್ಲೇ ಇರಲಿ, ತಿದ್ದಬೇಡಿ. ಕನ್ನಡ ಕಾರ್ಯಕ್ರಮದಲ್ಲಿ ಓದುತ್ತೇವೆ.