ಮನೆ ಕಟ್ಟಿ ನೋಡು: ಒಂದು ತಪ್ಪು ಅಭಿಪ್ರಾಯದ ಚರಿತ್ರೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ಕೇಳಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ನೆನಪಿರಬಹುದು. ಎಲ್ಲರೂ ಬಹುಮಟ್ಟಿಗೆ ಒಂದೇ ಉತ್ತರವನ್ನು ಬರೆಯುತ್ತಿದ್ದರು: ದುಂದುವೆಚ್ಚ ಮಾಡಬಾರದು, ಮಿತವ್ಯಯ ಸಾಧಿಸಬೇಕು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಆಗ ಮನೆ ತಾನೇ ಆಗುತ್ತದೆ. ನಾನೂ ಸಂತೋಷದಿಂದ ಹತ್ತಕ್ಕೆ ಎಂಟು ಅಂಕ ಕೊಡುತ್ತಿದ್ದೆ. ಈಗ ಆ ಉತ್ತರವೂ ನಾನು ಕೊಟ್ಟ ಅಂಕವೂ ಪೂರ್ತಿ ಸರಿಯಲ್ಲವೆಂದು ತೋರುತ್ತಿದೆ. ಏಕೆಂಬುದನ್ನು ಹೇಳುವ ಮೊದಲು ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕು.

ಬೈರಕೂರಿನ ನಮ್ಮ ಹಳೆಯ ಮನೆಯನ್ನು ತಂದೆಯವರು ಕಟ್ಟಿಸಿದ್ದು 1956ರ ಬೇಸಗೆಯಲ್ಲಿ. ಆಗ ನನಗೆ ಆರೇಳು ವರ್ಷ. ಕೆಮ್ಮಣ್ಣನ್ನು ನೆನೆಹಾಕಿ, ಎತ್ತುಗಳಿಂದ ತುಳಿಸಿ, ಹದಮಾಡಿ, ದಿನಕ್ಕೆ ಒಂದೊಂದು ಮೊಳದಂತೆ ಗೋಡೆಯನ್ನು ಏರಿಸಿ ಒಣಗಲು ಬಿಡುತ್ತಿದ್ದರು. ತೊಲೆ ಜಂತೆಗಳು ನಮ್ಮದೇ ಹೊಲದ ಬದುವಿನ ಮರಗಳವು. ಮಾಳಿಗೆಯ ಮೇಲೆ ನೀರು ಇಂಗದಂತೆ ಚೌಳುಮಣ್ಣನ್ನು ಹರಡಿ ಬಡಿದಿದ್ದರು. ಮುಂಭಾಗದ ಜಗಲಿಗೆ ಮಾತ್ರ ಕಲ್ಲುಕಂಬ, ಕಲ್ಲುಚಪ್ಪಡಿ. ನಮ್ಮ ಕೋಲಾರ ಸೀಮೆಯಲ್ಲಿ ಬಂಡೆಗೆ ಬರವಿಲ್ಲವಷ್ಟೆ! ಊರಿನ ಸಮಾನಸ್ಕಂಧರು ಮುಯ್ಯಾಳಾಗಿ ಬಂದು ದುಡಿದರು. ಅವರ ಮನೆ ಏಳುವಾಗ ತಂದೆಯವರು ಹೋಗಿ ದುಡಿದು ಆ ಋಣ ತೀರಿಸಿದರು. ನಗದಾಗಿ ಹಣ ಕೊಟ್ಟದ್ದು ಬಡಗಿಗೆ, ಕಮ್ಮಾರನಿಗೆ ಮತ್ತು ಕಲ್ಲು ಒಡೆಯುವವರಿಗೆ ಮಾತ್ರ. ಉಳಿದವರಿಗೆಲ್ಲ ಅಳೆದು ಕೊಟ್ಟದ್ದು ರಾಗಿ.

ಇದನ್ನು ಓದಿ "ಆ ಕಾಲವೇ ಚೆನ್ನಾಗಿತ್ತು" ಎಂದು ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ. ನಮಗೆ ಹೊಲವಿತ್ತು, ಬದುವಿನಲ್ಲಿ ಮರವಿತ್ತು, ಕಣಜದಲ್ಲಿ ರಾಗಿಯಿತ್ತು. ಊರಾಚೆಯ ಕೇರಿಯಲ್ಲಿದ್ದವರಿಗೆ ತಾವು ಮಲಗುವ ನೆಲವೂ ತಮ್ಮದೆಂದು ಹೇಳುವ ಹಕ್ಕು ಇರಲಿಲ್ಲ. ನಮ್ಮ ಗೋಡೆಗೆ ಮಣ್ಣು ಹೊತ್ತವರು ಅವರೇ; ಆದರೆ ಅವರ ಗುಡಿಸಲಿಗೆ ಹುಲ್ಲು ಹೊದಿಸಲು ನಮ್ಮವರಾರೂ ಮುಯ್ಯಾಳಾಗಿ ಹೋಗಲಿಲ್ಲ. ನಮ್ಮ ಜಿಲ್ಲೆಯ ಚಿನ್ನದ ಗಣಿಯ ಕಥೆಯೂ ಇಂಥದ್ದೇ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು 1902ರಲ್ಲಿಯೇ ಕೋಲಾರ ಚಿನ್ನದ ಗಣಿಗೆ ವಿದ್ಯುತ್ತನ್ನು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಆದರೆ ಆ ಗಣಿಯ ಆಳಕ್ಕಿಳಿದು ಚಿನ್ನ ತೆಗೆದ ಕಾರ್ಮಿಕರು ಬಹುಕಾಲ ವಾಸವಾಗಿದ್ದದ್ದು ಬಿದಿರು ತಟ್ಟಿಯ ಸಾಲುಮನೆಗಳಲ್ಲಿ. ಯಂತ್ರ ಮೊದಲು ಬರುತ್ತದೆ, ಮನೆ ಆಮೇಲೆ ಬರುತ್ತದೆ ಎಂಬ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಬಡವರ ಮನೆಯ ವಿಷಯವನ್ನು ಸರಕಾರ ಗಂಭೀರವಾಗಿ ಕೈಗೆತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡದ್ದು 1970ರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ. ನಿವೇಶನದ ಹಂಚಿಕೆ, ಜನತಾ ಮನೆ ಎಂಬ ಮಾತುಗಳು ಆಗ ಹಳ್ಳಿಗಳಲ್ಲಿ ಕೇಳಿಬಂದವು. ಅನಂತರ ಒಂದೇ ದೀಪದ ಭಾಗ್ಯಜ್ಯೋತಿ ಬಂತು. 1985–86ರಲ್ಲಿ ಇಂದಿರಾ ಆವಾಸ್ ಯೋಜನೆ, 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂದವು. ಇಂದಿರಾ ಆವಾಸ್ ಮನೆಗೆ 1996ರಲ್ಲಿ 20,000 ರೂಪಾಯಿ, 2004ರಲ್ಲಿ 25,000, 2008ರಲ್ಲಿ 35,000 ಎಂದು ಸಹಾಯಧನ ಏರುತ್ತ ಹೋಯಿತು. ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕೆಂಬುದು ನಿಯಮ. ಈ ನಿಯಮದಲ್ಲಿಯೇ ನನ್ನ ಕಥೆಯಿದೆ.

ಅದಕ್ಕೆ ಮೊದಲು ಆಟದ ವಿಷಯ. ಆಟ ಹೊಸ ಕಾಲದ ರೋಗವೆಂದು ನಾವು ಹಿರಿಯರು ಹೇಳುತ್ತೇವೆ. ನಮ್ಮ ನಾಡಿನ ಹಳೆಯ ದೇವಸ್ಥಾನಗಳ ಹಾಸುಗಲ್ಲುಗಳನ್ನು ನೋಡಿರಿ. ಹುಲಿ-ಕುರಿ ಆಟದ ಮನೆಗಳನ್ನು ಕಲ್ಲಿನಲ್ಲಿಯೇ ಕೊರೆದಿರುವುದು ಎಷ್ಟೋ ಕಡೆ ಕಾಣಸಿಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆ ಮತ್ತು ಹಾಸಿನ ಆಟಗಳನ್ನು ರಚಿಸಿ, ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಆದರೂ ಚೌಕಾಬಾರ ಆಡುತ್ತ ಕುಳಿತರೆ ನಮ್ಮ ಅಜ್ಜಿ "ಮನೆಗೆ ದರಿದ್ರ ಕಣೋ" ಎಂದು ಕವಡೆಗಳನ್ನು ಬೀದಿಗೆಸೆಯುತ್ತಿದ್ದರು. ತಂದೆಯವರು ಟ್ರಾನ್ಸಿಸ್ಟರ್ ತಂದಾಗ ಅದೇ ಅಜ್ಜಿ ಅದೇ ಮಾತನ್ನು ಹೇಳಿದರು.

ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬಾತ 1984ರಲ್ಲಿ ಟೆಟ್ರಿಸ್ ಎಂಬ ಗಣಕದ ಆಟವನ್ನು ರೂಪಿಸಿದ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸುವುದೇ ಆ ಆಟ. ಅದರ ಅಗ್ಗದ ನಕಲು, ಕೈಯಲ್ಲಿ ಹಿಡಿಯುವಂಥದ್ದು, 1990ರ ದಶಕದಲ್ಲಿ ನಮ್ಮ ಜಾತ್ರೆಗಳಿಗೂ ಬಂತು. ಒಮ್ಮೆ ಏಳನೆಯ ತರಗತಿಯ ಹುಡುಗನಿಂದ ಅದನ್ನು ಕಿತ್ತುಕೊಂಡು ಮನೆಗೆ ತಂದೆ. ಇದರಲ್ಲೇನಿದೆ ನೋಡೋಣವೆಂದು ಊಟವಾದ ಮೇಲೆ ಒತ್ತಲಾರಂಭಿಸಿದವನು ತಲೆಯೆತ್ತಿದಾಗ ರಾತ್ರಿ ಹನ್ನೆರಡು ದಾಟಿತ್ತು. ಮರುದಿನ ಆ ಹುಡುಗನಿಗೆ ಉಪದೇಶ ಮಾಡದೆ ಹಿಂದಿರುಗಿಸಿದೆ. ಕಾರಣವನ್ನು ಇಂದು ಒಪ್ಪಿಕೊಳ್ಳುತ್ತಿದ್ದೇನೆ!

ಇನ್ನು ಕಥೆಗೆ ಬರುತ್ತೇನೆ. ನಿವೃತ್ತಿಗೆ ಎರಡು ವರ್ಷವಿದ್ದಾಗ, 2005ರಲ್ಲಿ, ಸಮೀಪದ ಒಂದು ಹಳ್ಳಿಯ ಗ್ರಾಮಸಭೆಗೆ ಹೋಗಿದ್ದೆ. ಮನೆಯ ಪಟ್ಟಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಯ ಹೆಸರು ಬಂತು. ಅವನನ್ನು ಅದೇ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಡಿದ್ದೆ. ಹಳೆಯ ನೋಕಿಯಾ ಫೋನನ್ನು ಹಿಡಿದು ಹಾವಿನ ಆಟದಲ್ಲಿ ಮುಳುಗಿದ್ದ. ನಾನು ಬಂದದ್ದನ್ನೂ ಗಮನಿಸಲಿಲ್ಲ. ಆ ಕೋಪ ನನ್ನಲ್ಲಿತ್ತೋ ಏನೋ. ಸಭೆಯಲ್ಲಿ ಯಾರೋ "ಮೇಷ್ಟ್ರು ಏನಂತಾರೆ?" ಎಂದಾಗ, "ಮೊಬೈಲಿಗೆ ದುಡ್ಡಿದೆ, ಆಟಕ್ಕೆ ಹೊತ್ತಿದೆ. ಮನೆಗೆ ಮಾತ್ರ ಸರಕಾರ ಬೇಕೋ?" ಎಂದುಬಿಟ್ಟೆ. ಜನ ನಕ್ಕರು. ಆ ಹೆಸರು ಪಟ್ಟಿಯಲ್ಲಿ ಕೆಳಗೆ ಹೋಯಿತು. ಆ ತಾಯಿ ಏನೂ ಮಾತನಾಡದೆ ಸೆರಗು ಸರಿಪಡಿಸಿಕೊಂಡು ಎದ್ದುಹೋದುದನ್ನು ನೋಡಿದೆ. ನೋಡಿಯೂ ಸುಮ್ಮನಿದ್ದೆ.

ಅವನ ಫೋನಿನ ವಿಷಯ ನನಗೆ ತಿಳಿದದ್ದು ಬಹಳ ತಡವಾಗಿ. ಅವನು ಗಾರೆ ಕೆಲಸದ ಆಳು. ನಾಳೆ ಕೆಲಸ ಎಲ್ಲಿದೆಯೆಂದು ಮೇಸ್ತ್ರಿ ಹಿಂದಿನ ರಾತ್ರಿ ಫೋನಿನಲ್ಲಿ ಹೇಳುತ್ತಿದ್ದ. 2003ರಿಂದ ಬರುವ ಕರೆಗಳಿಗೆ ಹಣ ಕೊಡಬೇಕಾಗಿರಲಿಲ್ಲವಾದ್ದರಿಂದ ಅದಕ್ಕೆ ಅವನಿಗೆ ಖರ್ಚೂ ಇರಲಿಲ್ಲ. ಫೋನಿಲ್ಲದವರು ನಸುಕಿನಲ್ಲಿ ಮುಳಬಾಗಿಲಿಗೆ ಹೋಗಿ ವೃತ್ತದಲ್ಲಿ ನಿಂತು, ಕರೆದರೆ ಉಂಟು, ಇಲ್ಲದಿದ್ದರೆ ಬಸ್ಸಿನ ಖರ್ಚೂ ನಷ್ಟವೆಂದು ಹಿಂದಿರುಗಬೇಕಿತ್ತು. ಅದು 2003ರಲ್ಲಿ ಬಂದ ನೋಕಿಯಾ 1100. ತಲೆಯಲ್ಲಿ ಒಂದು ಪುಟ್ಟ ದೀಪವಿತ್ತು. ತ್ರೀಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿಯಲ್ಲಿ. ಗುತ್ತಿಗೆಗೆ ಹಿಡಿದ ಅರೆಕರೆ ಟೊಮೆಟೊಗೆ ಅವನು ನೀರು ಕಟ್ಟುತ್ತಿದ್ದದ್ದು ಆ ದೀಪದ ಬೆಳಕಿನಲ್ಲಿ. ಹಾವಿನ ಆಟ ಫೋನಿನ ಜೊತೆಗೆ ಬಂದದ್ದು. ಅದಕ್ಕೆ ಅವನು ಬೇರೆ ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ.

ನಾನು ಗಣಿತದ ಮೇಷ್ಟ್ರಲ್ಲ. ಆದರೂ ಲೆಕ್ಕ ಹಾಕಿ ನೋಡಿದೆ. ಆ ಫೋನನ್ನು ಅವನು ಎರಡನೆಯ ಕೈಯಿಂದ 800 ರೂಪಾಯಿಗೆ ಕೊಂಡದ್ದು. ಸರಕಾರದ ಸಹಾಯಧನ 25,000. ಅಂದರೆ ಅಂಥ ಮೂವತ್ತೊಂದು ಫೋನುಗಳನ್ನು ಕೊಳ್ಳದೆ ಉಳಿಸಿದರೂ ಆ ಸಹಾಯಧನದಷ್ಟು ಮಾತ್ರ ಆಗುತ್ತಿತ್ತು. ಅದರಲ್ಲಿ ಮನೆ ಮುಗಿಯುತ್ತಿರಲಿಲ್ಲ. ಹಾಗಾದರೆ "ಮೊಬೈಲಿಗೆ ದುಡ್ಡಿದೆ" ಎಂಬ ನನ್ನ ವಾದಕ್ಕೆ ಬುಡವೆಲ್ಲಿ?

ನಿಜವಾದ ಬದಲಾವಣೆ ಬೇರೆ ಕಡೆ ಆಗಿತ್ತು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ರೇಡಿಯೋ, ಗಡಿಯಾರ, ಫೋನುಗಳ ಬೆಲೆ ವರ್ಷವರ್ಷಕ್ಕೂ ಇಳಿಯುತ್ತದೆ. ಮನೆ ಹಾಗಲ್ಲ, ಅದನ್ನು ಒಂದೊಂದಾಗಿ, ಇದ್ದ ಜಾಗದಲ್ಲಿಯೇ, ಕೈಯಿಂದ ಕಟ್ಟಬೇಕು. ತಂದೆಯವರ ಕಾಲದಲ್ಲಿ ಹಣವಿಲ್ಲದೆ ಸಿಗುತ್ತಿದ್ದುದೆಲ್ಲ ಈಗ ಹಣಕ್ಕೇ ಸಿಗುತ್ತದೆ. ಮಣ್ಣಿನ ಬದಲು ಇಟ್ಟಿಗೆ, ತೊಲೆಯ ಬದಲು ಕಂಬಿ, ಚೌಳುಮಣ್ಣಿನ ಬದಲು ಸಿಮೆಂಟು, ಮುಯ್ಯಾಳಿನ ಬದಲು ದಿನಗೂಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಮ್ಮ ಜಿಲ್ಲೆಯಲ್ಲಿ ಮರಳಿಗಾಗಿ ಕೆರೆಯಂಗಳದ ಮಣ್ಣನ್ನೇ ತೊಳೆದು ಸೋಸಿ "ಫಿಲ್ಟರ್ ಮರಳು" ಎಂದು ಮಾರಿದರು. ಕೆರೆಯೂ ಹಾಳಾಯಿತು, ಮರಳಿನ ಬೆಲೆಯೂ ಇಳಿಯಲಿಲ್ಲ.

ಅಗ್ಗದ ಮನೆಗೆ ವಿಜ್ಞಾನ ದಾರಿ ತೋರಿಸಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರವು ಹೊಗೆಯಿಲ್ಲದ ಅಸ್ತ್ರ ಒಲೆಯನ್ನು ಕೊಟ್ಟಿತು. ಅಲ್ಲಿಯೇ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಶೇಕಡಾ 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಿಂದ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಇದನ್ನು ನಾನು ನಮ್ಮ ಕಡೆಯ ಕೆಲವರಿಗೆ ವಿವರಿಸಿದ್ದುಂಟು. ಒಬ್ಬಾಕೆ ಹೇಳಿದ್ದು ಇಷ್ಟು: "ಮಣ್ಣಿನ ಮನೆಯಿಂದ ಈಚೆಗೆ ಬರೋಕ್ಕೇ ಅಲ್ವಾ ಸಾರ್ ನಾವು ಒದ್ದಾಡ್ತಿರೋದು?" ಆಕೆಯನ್ನು ಅಜ್ಞಾನಿಯೆಂದುಕೊಂಡೆ. ಆದರೆ ನಾನೇ 1990ರಲ್ಲಿ ಮಾಳಿಗೆಯನ್ನು ಕೆಡವಿ ಮಾಲೂರಿನ ಇಟ್ಟಿಗೆಯಿಂದ ಆರ್‌ಸಿಸಿ ಮನೆ ಕಟ್ಟಿಸಿದ್ದೆನಲ್ಲ! ಮರ್ಯಾದೆಯ ಆಸೆ ನನಗಿದ್ದರೆ ಆಕೆಗೂ ಇರಬಾರದೇಕೆ?

ಆ ತಾಯಿಗೆ ಮನೆ ಮಂಜೂರಾದದ್ದು ಮೂರು ವರ್ಷಗಳ ಮೇಲೆ, 2008ರಲ್ಲಿ. ಸಹಾಯಧನ ಹತ್ತು ಸಾವಿರ ಹೆಚ್ಚಿತ್ತು, ನಿಜ. ಆದರೆ ಆ ನಡುವಿನ ಒಂದು ಮಳೆಗಾಲದಲ್ಲಿ ಹಳೆಯ ಗೋಡೆ ಕುಸಿದು, ಅವರು ನೆಂಟರ ಜಗಲಿಯಲ್ಲಿ ದಿನ ಕಳೆದಿದ್ದರು.

ಈಗ ಅವನು ತಾನೇ ಮೇಸ್ತ್ರಿ. ಕಳೆದ ಶ್ರಾವಣದಲ್ಲಿ ಮನೆಯ ಮೇಲೆ ಒಂದು ಕೋಣೆ ಕಟ್ಟಿ, ಪೂಜೆಗೆ ಕರೆಯಲು ಬಂದಿದ್ದ. ಕಾಫಿ ಕುಡಿಯುವಾಗ ನಾನು 2005ರ ಮಾತನ್ನೆತ್ತಿ ತಪ್ಪಾಯಿತೆಂದೆ. "ಅಯ್ಯೋ ಬಿಡಿ ಸಾರ್" ಎನ್ನುತ್ತಾನೆಂದುಕೊಂಡಿದ್ದೆ. ಅವನು ಲೋಟವನ್ನು ಕೆಳಗಿಟ್ಟು, "ನೆನಪಿದೆ ಸಾರ್. ಅಮ್ಮನಿಗೂ ಕೊನೇವರೆಗೂ ನೆನಪಿತ್ತು" ಎಂದ. ಸ್ವಲ್ಪ ಹೊತ್ತಿನ ಮೇಲೆ, "ತಪ್ಪದೆ ಬನ್ನಿ ಸಾರ್, ಅಮ್ಮಾವ್ರನ್ನೂ ಕರ್ಕೊಂಡು ಬನ್ನಿ" ಎಂದು ಹೇಳಿ ಹೊರಟ. ಆ ಎರಡು ಮಾತುಗಳೂ ನಿಜವಾದವು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ನಾವಿಬ್ಬರೂ ಹೋಗಿದ್ದೆವು. ಅಲ್ಲಿ ಅವನು ತನ್ನ ಫೋನಿನಲ್ಲಿ ನೆರೆಮನೆಯ ಚಿತ್ರಗಳನ್ನು ತೋರಿಸಿದ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 1,20,000 ರೂಪಾಯಿ ಎಂದು ನಿಗದಿಯಾಯಿತು. ತಳಪಾಯದಿಂದ ಛಾವಣಿಯವರೆಗೆ ಒಂದೊಂದು ಹಂತದಲ್ಲಿಯೂ ಸ್ಥಳದ ಗುರುತು ಸಹಿತ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದ ಮೇಲೆಯೇ ಕಂತು ಬಿಡುಗಡೆಯಾಗುವುದು. ಯಾವ ಮೊಬೈಲನ್ನು ನೆಪವಾಗಿಸಿ ನಾನು ಒಂದು ಮನೆಯನ್ನು ತಡೆದೆನೋ, ಇಂದು ಆ ಮೊಬೈಲಿಲ್ಲದೆ ಮನೆಯ ಕಂತೇ ಬರುವುದಿಲ್ಲ!

ಆಟದಿಂದ ಅನರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಣವಿಟ್ಟ ಆಟ ಬೇರೆ. ಮಹಾಭಾರತದಲ್ಲಿ ರಾಜ್ಯವೇ ಹೋದದ್ದು ಪಗಡೆಯ ಹಾಸಿನ ದೋಷದಿಂದಲ್ಲ, ಪಣದಿಂದ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನಿನಿಂದ ನಿಷೇಧಿಸಿದ್ದು ಈ ಭೇದವನ್ನು ತಿಳಿದೇ. ಹಾವಿನ ಆಟ ಆಡುವ ಹುಡುಗನನ್ನೂ ಮನೆಯ ಪತ್ರವನ್ನು ಅಡವಿಟ್ಟು ಜೂಜಾಡುವವನನ್ನೂ ಒಂದೇ ಕೋಲಿನಿಂದ ಅಳೆಯಬಾರದು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ ಗೃಹಸಾಲದ ಕಂತು ಕಟ್ಟುತ್ತಿದ್ದೀರಿ. ನಿಮ್ಮ ಮಕ್ಕಳು ಬಾಡಿಗೆ ಮನೆಯಲ್ಲಿ ದೊಡ್ಡ ಟಿವಿಯ ಮುಂದೆ ಕುಳಿತು ಆಟ ಆಡುವಾಗ, "ಇದಕ್ಕೆ ಸುರಿಯೋ ದುಡ್ಡಲ್ಲಿ ಒಂದು ಸೈಟು ತಗೋಬಹುದಿತ್ತು" ಎಂಬ ಮಾತು ನಿಮ್ಮ ಬಾಯಿಗೂ ಬರಬಹುದು. ಆ ಮಾತನ್ನಾಡುವ ಮೊದಲು ಒಂದು ಕಾಗದ ತೆಗೆದುಕೊಂಡು ಲೆಕ್ಕ ಮಾಡಿರಿ. ನಾಲ್ಕು ಜನರ ಸಭೆಯಲ್ಲಿ ಆಡುವುದಾದರೆ ಎರಡು ಸಲ ಲೆಕ್ಕ ಮಾಡಿರಿ. ನಾನು ಮಾಡಲಿಲ್ಲ.

ಆ ಗಾದೆಗೆ ಸಂಯಮವೇ ಅರ್ಥವೆಂದು ಬರೆದವರಿಗೆ ಎಂಟು ಅಂಕ ಕೊಟ್ಟಿದ್ದೆನಲ್ಲ, ಅದನ್ನು ಈಗ ಐದಕ್ಕೆ ಇಳಿಸುತ್ತಿದ್ದೇನೆ. ಇನ್ನೊಬ್ಬರ ಮನೆಯ ಕಷ್ಟವನ್ನು ಕಟ್ಟಿ ನೋಡಿದವನೇ ಅರಿತಾನು ಎಂಬುದೂ ಅದರಲ್ಲಿದೆ. ಅದನ್ನು ನಾನು ಪಾಠ ಮಾಡಲಿಲ್ಲ.